ಗಾಲ್ಫ್ ಹೊಡೆತ: ಬಲಗೈ ಬಲವೋ, ಎಡಗೈ ಎಳೆತವೋ?

ಬಲಗೈ ಆಟಗಾರರಿಗೆ ಮಾತ್ರ ಈ ಮಾತು. ಸ್ವಿಂಗ್‌ಗೆ, ಅಂದರೆ ಕ್ಲಬ್ (ಗಾಲ್ಫ್ ಕೋಲು) ಬೀಸುವುದಕ್ಕೆ, ಶಕ್ತಿ ಯಾವ ಕೈಯಿಂದ ಬರಬೇಕು?

ಎಡಗೈ ಎಳೆಯುವ ರೀತಿಯಲ್ಲಿ ಚೆಂಡು ನೇರ ಹೋಗುವುದು ಜಾಸ್ತಿ, ಕ್ಲಬ್ಬಿನ ಮುಖವೂ (ಚೆಂಡಿಗೆ ತಾಗುವ ಭಾಗ) ಹಿಡಿತದಲ್ಲಿರುತ್ತದೆ. ಕ್ರಿಕೆಟ್‌ನಲ್ಲಿ ಸ್ಟ್ರೇಟ್ ಡ್ರೈವ್ ಕಲಿತವರಿಗೆ ಇದು ಬೇಗ ಒಗ್ಗುತ್ತದೆ, ಅಲ್ಲೂ ಮೇಲಿನ ಕೈಯದೇ ದರ್ಬಾರು ಅಲ್ವಾ? ಆದರೆ ದೂರ ಸಾಲದು ಅಂತ ಅನ್ನಿಸುತ್ತಿರುತ್ತದೆ.

ಬಲಗೈಯದು ಬೇರೆಯೇ ಮಜಾ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸುತ್ತೀರಲ್ಲ, ಮೊಣಕೈ ಮೊದಲು ಸೊಂಟದ ಮುಂದೆ ಬರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇರುತ್ತದೆ, ಕೊನೆಗೆ ಕೈ ಚಾಚಿಕೊಳ್ಳುತ್ತದೆ, ಹೆಚ್ಚುಕಮ್ಮಿ ಅದೇ ಚಲನೆ ಇಲ್ಲೂ. ಚೆಂಡು ತಾಗುವಾಗ ಬಲ ಮೊಣಕೈ ಇನ್ನೂ ಸ್ವಲ್ಪ ಮಡಚಿರಬೇಕು. ಪೂರ್ತಿ ನೇರವಾಗುವುದು ಚೆಂಡು ಹೋದ ಮೇಲೆ. 1927ರ ಯುಎಸ್ ಓಪನ್ ಗೆದ್ದ ಟಾಮಿ ಆರ್ಮರ್ ಕೂಡ ಕಲಿಸಿದ್ದು ಇದನ್ನೇ: ಎಡಗೈ ಗಟ್ಟಿ ಹಿಡಿಯಲಿ, ಬಲಗೈ ಜೋರಾಗಿ ಹೊಡೆಯಲಿ.

ಅಪಾಯ ಒಂದೇ, ಆತುರ. ಕ್ಲಬ್ ಮೇಲೆತ್ತಿದ ಜಾಗದಿಂದಲೇ ಬಲಗೈ ನುಗ್ಗಿದರೆ ಭುಜ ಹೊರಗೆ ತಿರುಗಿ ಚೆಂಡು ಸ್ಲೈಸ್ ಆಗುತ್ತದೆ, ಅಂದರೆ ಗಾಳಿಯಲ್ಲೇ ಬಲಕ್ಕೆ ಬಾಗಿ ಹೋಗುತ್ತದೆ. ನಾನು ತಿಂಗಳುಗಟ್ಟಲೆ ಇದೇ ತಪ್ಪು ಮಾಡಿದೆ. ಸೊಂಟ ಮೊದಲು ತಿರುಗಲಿ, ಕೈ ಆಮೇಲೆ.

ಈಗಲೇ ಸ್ಲೈಸ್ ಕಾಟ ಇದ್ದರೆ ಎಡಗೈಯಿಂದ ಶುರು ಮಾಡಿ. ಚೆಂಡು ನೇರ ಹೋಗುತ್ತಿದೆ, ದೂರ ಮಾತ್ರ ಬೇಕು ಅಂದರೆ ಬಲಗೈಯೇ ಸರಿ, ನನಗಂತೂ ಅನುಮಾನವಿಲ್ಲ. 9 ಐರನ್ (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) ತಗೊಂಡು ಬಲಗೈ ಒಂದರಲ್ಲೇ ಅರ್ಧ ಸ್ವಿಂಗ್‌ನಲ್ಲಿ 20 ಚೆಂಡು ಹೊಡೆಯಿರಿ. ಮೊಣಕೈ ಒಳಭಾಗ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ.