‘ರೀಜನ್ ಫ್ರೀ’ ಅಂತ ನಂಬಿ ಹೊರದೇಶದ ಕನ್ಸೋಲ್ ಕೊಳ್ಳುವ ಮುನ್ನ

"ಇಂಪೋರ್ಟೆಡ್ ಪೀಸು, ರೀಜನ್ ಫ್ರೀ, ಎಲ್ಲ ಗೇಮೂ ಓಡುತ್ತೆ." ಹೊರದೇಶದ ಗೇಮ್ ಕನ್ಸೋಲ್ ಮಾರುವವರ ಈ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಡಿಸ್ಕ್ ಹಾಕಿದರೆ ಗೇಮ್ ನಿಜಕ್ಕೂ ಓಡುತ್ತದೆ, ಕೊಂಡವರು ಖುಷಿಯಿಂದಲೇ ಹೊರಡುತ್ತಾರೆ. ಪೇಚಾಟ ಶುರುವಾಗುವುದು ಆಮೇಲೆ: ಖಾತೆ ಜೋಡಿಸುವಾಗ, ಗಿಫ್ಟ್ ಕಾರ್ಡಿನ ಕೋಡ್ ಹಾಕುವಾಗ, ಇಲ್ಲವೇ ಎಂಟು ತಿಂಗಳು ಕಳೆದು ಕಂಟ್ರೋಲರ್ ಕೈಕೊಟ್ಟಾಗ.

ರೀಜನ್ ಫ್ರೀ, ಅಂದರೆ ಯಾವ ಪ್ರದೇಶದ ಗೇಮಾದರೂ ಓಡುತ್ತದೆ ಅನ್ನುವುದು ಡಿಸ್ಕು, ಕಾರ್ಟ್ರಿಡ್ಜುಗಳ ಮಟ್ಟಿಗೆ ಹೇಳುವ ಮಾತು, ಅಷ್ಟೇ. ನಿಂಟೆಂಡೊದ 3ಡಿಎಸ್ (2011), ವೀ ಯು (2012) ಬಂದಾಗಲೂ ಬೇರೆ ಪ್ರದೇಶದ ಗೇಮನ್ನು ತಡೆಯುವ ಬೀಗ ಯಂತ್ರದಲ್ಲೇ ಇತ್ತು. 2017ರ ಸ್ವಿಚ್‌ನಲ್ಲಿ ಅದನ್ನು ತೆಗೆದರು. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಬೇರೆ ದೇಶದ ಗೇಮ್ ಡಿಸ್ಕ್ ಹಾಕಿದರೂ ಓಡುತ್ತದೆ (ಸಿನಿಮಾದ ಡಿವಿಡಿ, ಬ್ಲೂ-ರೇಗಳಿಗೆ ಈಗಲೂ ರೀಜನ್ ಕೋಡ್ ಇದೆ). ಮೈಕ್ರೋಸಾಫ್ಟ್ 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಲಾಕ್ ಹಾಕಲು ಹೊರಟು, ಬೈಗುಳ ತಿಂದು, ಬಿಡುಗಡೆಗೆ ಮೊದಲೇ ಕೈಬಿಟ್ಟಿತು. ಆದರೆ ಕಂಪನಿಗಳ ವ್ಯವಹಾರ ಮಾತ್ರ ಒಂದಾಗಿಲ್ಲ. ಅಮೆರಿಕ, ಯುರೋಪ್, ಜಪಾನ್ ಎಂದು ಲೆಕ್ಕ ಬೇರೆ ಬೇರೆ. ಬೆಲೆ, ವಾರಂಟಿ, ಬಿಡಿಭಾಗ, ಗಿಫ್ಟ್ ಕಾರ್ಡ್, ವಯಸ್ಸಿನ ರೇಟಿಂಗ್ ಎಲ್ಲವೂ ಆಯಾ ಪ್ರದೇಶದ್ದೇ. ಯಂತ್ರದಿಂದ ಬಿಚ್ಚಿದ ಬೀಗವನ್ನು ಖಾತೆಗೆ ಹಾಕಿದರು ಅಂದರೂ ಸರಿಯೇ.

ಈಗ ಅದೇ ಬೀಗ ಯಂತ್ರಕ್ಕೂ ವಾಪಸ್ ಬಂದಿದೆ. 2025ರ ಜೂನ್ 5ರಂದು ಬಿಡುಗಡೆಯಾದ ಸ್ವಿಚ್ 2ಕ್ಕೆ ಜಪಾನಿನಲ್ಲಿ ಎರಡು ಮಾದರಿ ಇಟ್ಟರು. ಬಹುಭಾಷಾ ಮಾದರಿಗೆ 69,980 ಯೆನ್, ಜಪಾನಿ ಭಾಷೆಯೊಂದೇ ಇರುವುದಕ್ಕೆ 49,980 ಯೆನ್. ಅಮೆರಿಕದಲ್ಲಿ ಆಗ ಬೆಲೆ 449.99 ಡಾಲರ್. ಯೆನ್ ಕುಸಿದಿದ್ದ ಆ ಹೊತ್ತಿನಲ್ಲಿ ಅಗ್ಗದ ಮಾದರಿ ಹೊರದೇಶಗಳಿಗೆ ಹರಿದುಹೋಗದಂತೆ ಕಟ್ಟಿದ ಒಡ್ಡು ಅದು. ಈ ಅಗ್ಗದ ಮಾದರಿಯಲ್ಲಿ ಒಡ್ಡು ಎರಡು ಕಡೆ ಇದೆ. ಸಿಸ್ಟಂ ಭಾಷೆ ಜಪಾನಿ ಬಿಟ್ಟು ಬೇರೆಯದಕ್ಕೆ ಬದಲಾಗುವುದಿಲ್ಲ. ದೇಶ ಜಪಾನ್ ಎಂದಿರುವ ನಿಂಟೆಂಡೊ ಖಾತೆ ಬಿಟ್ಟು ಬೇರೆ ಖಾತೆ ಜೋಡಿಸಲಾಗುವುದಿಲ್ಲ.

"ಖಾತೆಯ ದೇಶವನ್ನೇ ಜಪಾನ್ ಮಾಡಿಕೊಂಡರಾಯಿತು" ಎಂಬ ಸಲಹೆ ಮಾರುವವರಿಂದಲೇ ಬರುತ್ತದೆ. ನಿಂಟೆಂಡೊ ಖಾತೆಯಲ್ಲಿ ದೇಶ ಬದಲಿಸಬಹುದು, ನಿಜ. ಆದರೆ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ಬ್ಯಾಲೆನ್ಸಿನಲ್ಲಿ ದುಡ್ಡು ಉಳಿದಿದ್ದರೆ ಬದಲಾವಣೆಗೆ ಬಿಡುವುದಿಲ್ಲ. ಮೊದಲು ಅದನ್ನು ಖರ್ಚು ಮಾಡಿ ಮುಗಿಸಬೇಕು. ಬದಲಾದ ಮೇಲೆ ಇನ್ನೊಂದು ಗೋಡೆ ಎದುರಾಗುತ್ತದೆ: 2025ರ ಮಾರ್ಚ್ 25ರಿಂದ ಜಪಾನಿನ ಇ-ಶಾಪ್ ಹೊರದೇಶದಲ್ಲಿ ಕೊಟ್ಟ ಕ್ರೆಡಿಟ್ ಕಾರ್ಡನ್ನೂ ಹೊರದೇಶದ ಪೇಪಾಲ್ ಖಾತೆಯನ್ನೂ ತೆಗೆದುಕೊಳ್ಳುವುದಿಲ್ಲ. ಉಳಿಯುವ ದಾರಿ ಯೆನ್ ಪ್ರೀಪೇಯ್ಡ್ ಕಾರ್ಡ್. ಅದನ್ನು ನಡುವಿನವರ ಮೂಲಕ ತರಿಸಿದರೆ ಪ್ರತಿ ಗೇಮಿಗೂ ಅವರ ಕಮಿಷನ್ ಸೇರುತ್ತದೆ. ಯಂತ್ರದಲ್ಲಿ ಉಳಿಸಿದ ದುಡ್ಡು ಹೀಗೆ ಸೋರಿಹೋಗುತ್ತದೆ. ಪ್ಲೇಸ್ಟೇಷನ್ 5 ಡಿಜಿಟಲ್ ಎಡಿಷನ್ನಿನ ಜಪಾನಿ ಭಾಷಾ ಮಾದರಿ, 2025ರ ನವೆಂಬರಿನಲ್ಲಿ 55,000 ಯೆನ್‌ಗೆ ಬಂದದ್ದು, ಇದೇ ದಾರಿಯದು.

ಕೊಳ್ಳುವಾಗ ಪೆಟ್ಟಿಗೆ ನೋಡಿ ಸುಮ್ಮನಾಗಬೇಡಿ. ಸ್ವಿಚ್ 2ರ ಅಗ್ಗದ ಮಾದರಿಯ ಹೆಸರಿನಲ್ಲೇ ‘ನಿಹೊಂಗೊ, ಕೊಕುನಾಯ್ ಸೆನ್ಯೊ’, ಅಂದರೆ ಜಪಾನಿ ಭಾಷೆ, ದೇಶದೊಳಗಿನ ಬಳಕೆಗೆ ಮಾತ್ರ ಎಂದಿದೆ; ಆದರೆ ಜಪಾನಿ ಲಿಪಿ ಓದಲು ಬಾರದವರ ಕಣ್ಣಿಗೆ ಅದೂ ಒಂದು ಅಲಂಕಾರವೇ. ಯಂತ್ರ ಆನ್ ಮಾಡಿಸಿ, ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿ ತೆರೆಸಿ. ಬೇರೆ ಭಾಷೆ ಆರಿಸಿ ತೋರಿಸಲು ಮಾರುವವರು ಹಿಂದೇಟು ಹಾಕಿದರೆ ಉತ್ತರ ಸಿಕ್ಕಹಾಗೆ.

ಪ್ಲೇಸ್ಟೇಷನ್‌ನಲ್ಲಿ ಹೆಚ್ಚು ಜನ ಎಡವುವುದು ಡಿಎಲ್‌ಸಿಯಲ್ಲಿ, ಅಂದರೆ ಗೇಮಿಗೆ ಆಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಭಾಗಗಳಲ್ಲಿ. ಯುರೋಪಿನ ಡಿಸ್ಕ್, ಅಮೆರಿಕದ ಖಾತೆ ಎಂದಿಟ್ಟುಕೊಳ್ಳಿ. ಗೇಮ್ ಓಡುತ್ತದೆ. ಸೀಸನ್ ಪಾಸ್ (ಇಂಥ ಭಾಗಗಳ ಕಟ್ಟು) ಕೊಂಡರೆ ದುಡ್ಡೂ ಕಡಿತವಾಗುತ್ತದೆ, ಫೈಲೂ ಇಳಿಯುತ್ತದೆ, ಆದರೆ ಗೇಮಿನೊಳಗೆ ಏನೂ ಕಾಣುವುದಿಲ್ಲ. ಕಾರಣ, ಪ್ರತಿ ಪ್ರದೇಶದ ಆವೃತ್ತಿಗೂ ಸಾಮಾನ್ಯವಾಗಿ ಬೇರೆ ಉತ್ಪನ್ನ ಸಂಖ್ಯೆ ಇರುತ್ತದೆ. ಡಿಎಲ್‌ಸಿ ತನ್ನ ಸಂಖ್ಯೆಯ ಗೇಮನ್ನು ಮಾತ್ರ ಗುರುತಿಸುತ್ತದೆ. ಸೇವ್ ಫೈಲ್ ಕೂಡ ಹಾಗೆಯೇ, ಒಂದು ಆವೃತ್ತಿಯದು ಇನ್ನೊಂದಕ್ಕೆ ಸಿಗುವುದಿಲ್ಲ. ರೀಫಂಡ್ ಕೇಳೋಣವೆಂದರೆ ನಿಯಮ ಹೀಗಿದೆ: ಕೊಂಡ 14 ದಿನದೊಳಗೆ ಕೇಳಬೇಕು, ಡೌನ್‌ಲೋಡ್ ಶುರುವಾಗಿರಬಾರದು. ಕನ್ಸೋಲಿನಲ್ಲೇ ಕೊಂಡರೆ ಡೌನ್‌ಲೋಡ್ ತಾನಾಗಿ ಶುರುವಾಗಿಬಿಡಬಹುದು. ಇಲ್ಲೇ ಬಹಳ ಮಂದಿಯ ದುಡ್ಡು ಮುಳುಗುವುದು.

ಹೊಂದಾಣಿಕೆ ನೋಡುವ ಬಗೆ ಕಷ್ಟದ್ದಲ್ಲ. ಡಿಸ್ಕ್ ಕವರಿನ ಬೆನ್ನಿನ ಮೇಲೆ ಸಣ್ಣ ಅಕ್ಷರದ ಸಂಖ್ಯೆ ಇರುತ್ತದೆ. ಪ್ಲೇಸ್ಟೇಷನ್ 3ರ ಕಾಲದಲ್ಲಿ ಬಿಎಲ್‌ಯುಎಸ್ ಎಂದರೆ ಅಮೆರಿಕ, ಬಿಎಲ್‌ಇಎಸ್ ಎಂದರೆ ಯುರೋಪ್ ಎಂದು ಅಕ್ಷರದಲ್ಲೇ ತಿಳಿಯುತ್ತಿತ್ತು. ಪ್ಲೇಸ್ಟೇಷನ್ 4ರಲ್ಲಿ ಅಮೆರಿಕಕ್ಕೂ ಯುರೋಪಿಗೂ ಸಿಯುಎಸ್‌ಎ, 5ರಲ್ಲಿ ಪಿಪಿಎಸ್‌ಎ. ಹಾಗಾಗಿ ಮುಂದಿನ ಅಂಕಿಗಳನ್ನೇ ತಾಳೆ ನೋಡಬೇಕು. ಆನ್‌ಲೈನ್ ಅಂಗಡಿಯಲ್ಲಿ ಗೇಮಿಗೂ ಡಿಎಲ್‌ಸಿಗೂ ಇರುವ ಗುರುತಿನ ಸಂಖ್ಯೆ, ಕಂಟೆಂಟ್ ಐಡಿ, ಯುಪಿ ಎಂದು ಶುರುವಾದರೆ ಅಮೆರಿಕದ್ದು, ಇಪಿ ಯುರೋಪಿನದು, ಜೆಪಿ ಜಪಾನಿನದು, ಎಚ್‌ಪಿ ಏಷ್ಯಾದ್ದು. ಕವರಿನ ರೇಟಿಂಗ್ ಗುರುತೂ ಸುಳಿವು ಕೊಡುತ್ತದೆ: 3, 7, 12, 16, 18 ಎಂಬ ಅಂಕಿ ಇದ್ದರೆ ಯುರೋಪಿನ ಪೆಗಿ, ಎ, ಬಿ, ಸಿ, ಡಿ, ಜೆಡ್ ಅಕ್ಷರಗಳಾದರೆ ಜಪಾನಿನ ಸೆರೊ.

ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಖಾತೆಯ ದೇಶವನ್ನು ಒಮ್ಮೆ ಆರಿಸಿದರೆ ಬದಲಿಸಲಾಗುವುದಿಲ್ಲ. ನೀವು ದೇಶ ಬಿಟ್ಟು ದೇಶಕ್ಕೆ ಹೋದರೂ ಹೊಸ ಖಾತೆಯೇ ಗತಿ. ಡಿಸ್ಕಿನ ದೇಶದ ಇನ್ನೊಂದು ಖಾತೆ ತೆರೆದು, ಅದರಲ್ಲಿ ಡಿಎಲ್‌ಸಿ ಕೊಂಡು, ಕನ್ಸೋಲ್ ಶೇರಿಂಗ್ (ಒಂದು ಖಾತೆಯಲ್ಲಿ ಕೊಂಡದ್ದನ್ನು ಅದೇ ಕನ್ಸೋಲಿನ ಬೇರೆ ಖಾತೆಗೂ ಬಿಡುವ ಸೆಟ್ಟಿಂಗ್) ಆನ್ ಮಾಡಿ ತಮ್ಮ ಖಾತೆಯಿಂದ ಆಡುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ವಾಸವಿಲ್ಲದ ದೇಶ ತೋರಿಸುವುದು ನಿಯಮಕ್ಕೆ ವಿರುದ್ಧ. ಖಾತೆಯ ದೇಶಕ್ಕೆ ಜೋತುಬಿದ್ದ ಈ ಎಳೆ ಎಷ್ಟು ತೆಳು ಎಂಬುದು 2024ರ ಮೇ ತಿಂಗಳಲ್ಲಿ ಗೊತ್ತಾಯಿತು. ಪಿಸಿಯಲ್ಲಿ ಹೆಲ್‌ಡೈವರ್ಸ್ 2 ಆಡುವವರೂ ಪಿಎಸ್‌ಎನ್ ಖಾತೆ ಜೋಡಿಸಲೇಬೇಕು ಎಂದು ಸೋನಿ ಹೇಳಿತು. ಪಿಎಸ್‌ಎನ್ ಇಲ್ಲದ 170ಕ್ಕೂ ಹೆಚ್ಚು ದೇಶ-ಪ್ರದೇಶಗಳಲ್ಲಿ ಪಿಸಿ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಿಂದ ಗೇಮೇ ಮಾಯವಾಯಿತು. ಗಲಾಟೆಯಾದ ಮೇಲೆ ಕಡ್ಡಾಯವನ್ನು ಹಿಂದಕ್ಕೆ ಪಡೆದರು.

ಎಕ್ಸ್‌ಬಾಕ್ಸ್ ಇಷ್ಟು ಬಿಗಿಯಿಲ್ಲ. ಮೂರು ತಿಂಗಳಿಗೊಮ್ಮೆ ದೇಶ ಬದಲಿಸಬಹುದು, ಖಾತೆಯಲ್ಲಿದ್ದ ದುಡ್ಡು ಮಾತ್ರ ಹೊಸ ದೇಶಕ್ಕೆ ಬರುವುದಿಲ್ಲ. ಗಿಫ್ಟ್ ಕಾರ್ಡಂತೂ ಮೂರೂ ಕಂಪನಿಗಳಲ್ಲಿ ಖಾತೆಯ ದೇಶಕ್ಕೆ ಹೊಂದಲೇಬೇಕು. ಡಾಲರ್ ಕಾರ್ಡನ್ನು ಯೂರೊ ಖಾತೆಗೆ ಹಾಕಲಾಗದು, ಕೋಡ್ ನೋಡಿದ ಕಾರ್ಡನ್ನು ಸಾಮಾನ್ಯವಾಗಿ ಯಾರೂ ವಾಪಸ್ ಪಡೆಯುವುದಿಲ್ಲ.

ವಾರಂಟಿ ಕೊಟ್ಟ ಪ್ರದೇಶದಲ್ಲಿ ಮಾತ್ರ ಊರ್ಜಿತ. ಸೀರಿಯಲ್ ನಂಬರ್ ಹಾಕಿದ ಕೂಡಲೇ ರಿಪೇರಿ ಕೇಂದ್ರಕ್ಕೆ ಯಂತ್ರದ ಮೂಲ ತಿಳಿಯುತ್ತದೆ. ಮೂಲ ದೇಶಕ್ಕೆ ಕಳಿಸೋಣವೆಂದರೆ ವಾಪಸ್ ಪಡೆಯಲು ಅಲ್ಲಿನ ವಿಳಾಸ ಕೇಳುತ್ತಾರೆ, ಬ್ಯಾಟರಿ ಇರುವ ವಸ್ತುವಿಗೆ ವಿಮಾನದ ಕೊರಿಯರ್ ತಕರಾರು ಬೇರೆ. ಮೊದಲ ಪ್ಲೇಸ್ಟೇಷನ್ 5ರ ಮಾದರಿ ಸಂಖ್ಯೆ ನೋಡಿದರೆ ಮೂಲ ತಿಳಿಯುತ್ತದೆ: ಸಿಎಫ್‌ಐ-1000ಎ ಜಪಾನಿನದು, 1015ಎ ಉತ್ತರ ಅಮೆರಿಕದ್ದು, 1016ಎ ಯುರೋಪಿನದು.

ಹಳೆಯ ಯಂತ್ರ ಕೊಳ್ಳುವವರು ವಿದ್ಯುತ್ತಿನ ಕಡೆಗೂ ನೋಡಬೇಕು. ಸ್ವಿಚ್ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ತೊಂದರೆಯಿಲ್ಲ. ಎಕ್ಸ್‌ಬಾಕ್ಸ್ 360ರ ಅಮೆರಿಕದ ಪವರ್ ಬ್ರಿಕ್ 100–127 ವೋಲ್ಟಿನದು. ಪ್ಲಗ್ ಬದಲಿಸುವ ಅಡಾಪ್ಟರ್ ಹಾಕಿ 230 ವೋಲ್ಟಿಗೆ ಚುಚ್ಚಿದರೆ ಸುಡುತ್ತದೆ, ಅದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಇನ್ನೂ ಹಳೆಯದರಲ್ಲಿ, ಜಪಾನಿನಲ್ಲಿ ನಿಂಟೆಂಡೊ ಮಾರಿದ ಸೂಪರ್ ಫ್ಯಾಮಿಕಾಮ್ ಕನ್ಸೋಲಿಗೆ ಬೇಕಾದ್ದು 10 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಅಮೆರಿಕದ ಎನ್‌ಇಎಸ್ (ಅದೂ ನಿಂಟೆಂಡೊದ ಹಳೆಯ ಕನ್ಸೋಲ್) ಅಡಾಪ್ಟರ್ ಅದಕ್ಕೆ ಅಂದವಾಗಿ ಕೂರುತ್ತದೆ, ಆದರೆ ಕೊಡುವುದು 9 ವೋಲ್ಟ್ ಎಸಿ.