ಮೂಗಿನ ಸೌಂದರ್ಯ ಶಸ್ತ್ರಚಿಕಿತ್ಸೆ: ದಾವಣಗೆರೆಯಲ್ಲಿ ಪಡೆದ ಎರಡು ಸಮಾಲೋಚನೆಗಳು

ಮೂಗಿನ ಆಕಾರ ತಿದ್ದುವ ರೈನೋಪ್ಲಾಸ್ಟಿಗೆ ಮುಂಗಡ ಕೊಡುವ ಮೊದಲು, ವೈದ್ಯರು ಮೂಗಿನ ಒಳಗನ್ನು ನೋಡಿದರೇ ಎಂಬುದನ್ನು ಗಮನಿಸಬೇಕು. ತಂಗಿಯ ಮಗಳ ಸಲುವಾಗಿ ದಾವಣಗೆರೆಯ ಒಂದು ಸೌಂದರ್ಯ ಕ್ಲಿನಿಕ್ಕಿನಲ್ಲಿಯೂ ಅನಂತರ ಒಬ್ಬ ಪ್ಲಾಸ್ಟಿಕ್ ಸರ್ಜನ್ ಅವರ ಬಳಿಯೂ ಸಮಾಲೋಚನೆ ಪಡೆದ ಮೇಲೆ ನನಗೆ ಈ ಮಾತು ಮನದಟ್ಟಾಗಿದೆ.

ಕ್ಲಿನಿಕ್ಕು ಅಚ್ಚುಕಟ್ಟಾಗಿತ್ತು, ಸಿಬ್ಬಂದಿಯ ನಡವಳಿಕೆಯೂ ಸೌಜನ್ಯದಿಂದ ಕೂಡಿತ್ತು. ಆದರೆ ಹುಡುಗಿಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮೂಗನ್ನು ತೆಳ್ಳಗೆ ಮಾಡಿ ತೋರಿಸಿದ ಕೂಡಲೇ ಮಾತು ಪ್ಯಾಕೇಜಿನ ಮೊತ್ತಕ್ಕೆ ಹೊರಳಿತು. ಉಸಿರಾಟ ಹೇಗಿದೆ, ಹಿಂದೆ ಮೂಗಿಗೆ ಪೆಟ್ಟು ಬಿದ್ದಿತ್ತೇ, ಯಾವ ಔಷಧಿ ಸೇವಿಸುತ್ತಿದ್ದೀರಿ ಎಂದು ಯಾರೂ ವಿಚಾರಿಸಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಿಂದ ಬರುವ ವೈದ್ಯರು ಮಾಡುತ್ತಾರೆಂದು ಹೇಳಿದರೇ ಹೊರತು ಅವರ ಹೆಸರನ್ನಾಗಲಿ ಅರ್ಹತೆಯನ್ನಾಗಲಿ ತಿಳಿಸಲಿಲ್ಲ. ಆಪರೇಷನ್ ಬೇಡವಾದರೆ ಫಿಲ್ಲರ್, ಅಂದರೆ ಚರ್ಮದಡಿ ತುಂಬುವ ಜೆಲ್ಲಿನಂಥ ವಸ್ತುವನ್ನು ಚುಚ್ಚಿಸಿಕೊಳ್ಳಬಹುದು ಎಂದೂ ಸೂಚಿಸಿದರು. ಫಿಲ್ಲರ್ ರಕ್ತನಾಳದೊಳಗೆ ಸೇರಿದರೆ ಮೂಗಿನ ಚರ್ಮ ಸಾಯಬಹುದು, ಅಪರೂಪಕ್ಕಾದರೂ ದೃಷ್ಟಿಯೇ ಹೋಗಬಹುದು ಎಂಬುದನ್ನು ಅಲ್ಲಿ ಹೇಳದೇ ಹೋದದ್ದು ನನಗೆ ಅಕ್ಷಮ್ಯವೆನಿಸಿತು.

ಸರ್ಜನ್ ಅವರು ಮೊದಲು ಬೆಳಕು ಬಿಟ್ಟು ಎರಡೂ ಹೊಳ್ಳೆಗಳನ್ನು ಪರೀಕ್ಷಿಸಿದರು. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಕಡೆಗೆ ಬಾಗಿದೆ, ಅದನ್ನು ಹಾಗೆಯೇ ಬಿಟ್ಟು ಮೇಲಿನ ಉಬ್ಬನ್ನಷ್ಟೇ ತೆಗೆದು ಮೂಗನ್ನು ಕಿರಿದಾಗಿಸಿದರೆ ಉಸಿರಾಟ ಇನ್ನಷ್ಟು ಕಷ್ಟವಾಗಬಹುದು ಎಂದು ವಿವರಿಸಿದರು. ತುದಿಗೆ ಆಧಾರ ಬೇಕಾದರೆ ಆ ನಡುಗೋಡೆಯಿಂದಲೇ ಮೃದ್ವಸ್ಥಿಯ ತುಣುಕನ್ನು ತೆಗೆದುಕೊಳ್ಳುತ್ತಾರೆ; ಅದು ಸಾಲದಿದ್ದರೆ ಕಿವಿಯಿಂದ, ಕೆಲವೊಮ್ಮೆ ಪಕ್ಕೆಲುಬಿನಿಂದಲೂ ತೆಗೆಯುವುದುಂಟು. ಚರ್ಮ ದಪ್ಪವಾಗಿರುವವರಲ್ಲಿ ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ಅದು ಹೊರಗೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಆದ್ದರಿಂದ ಯಾರದೋ ಮೂಗಿನ ಚಿತ್ರವನ್ನು ಹಿಡಿದು ಬರುವುದರಿಂದ ಪ್ರಯೋಜನವಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ಬಳಿಕ ನಮ್ಮನ್ನು ಹೊರಗೆ ಕೂರಿಸಿ, ಇದು ತನ್ನದೇ ಆಸೆಯೋ ಅಥವಾ ಮದುವೆಯ ಮಾತುಕತೆಗಾಗಿ ಮನೆಯವರು ತಂದ ಒತ್ತಾಯವೋ ಎಂದು ಹುಡುಗಿಯನ್ನು ಪ್ರತ್ಯೇಕವಾಗಿ ಕೇಳಿದರು. ಇಡೀ ಸಮಾಲೋಚನೆಯಲ್ಲಿ ನಾನು ಅತ್ಯಂತ ಗೌರವಿಸಿದ್ದು ಈ ನಡೆಯನ್ನು.

ಮದುವೆಗೆ ಒಂದು ತಿಂಗಳಿದ್ದರೆ ಸಾಕೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಮೂಗಿನ ಮೇಲಿನ ಪಟ್ಟಿಯನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ, ಕಣ್ಣಿನ ಸುತ್ತ ಕಪ್ಪುಗಟ್ಟಿದ್ದು ಎರಡು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ ಎಂಬುದು ನಿಜ. ಆದರೆ ಬಾವು ಪೂರ್ತಿ ಇಳಿದು ಅಂತಿಮ ಆಕಾರ ಕಾಣಿಸಲು ಒಂದು ವರ್ಷ ಹಿಡಿಯಬಹುದು, ದಪ್ಪ ಚರ್ಮದವರಿಗೆ ಅದಕ್ಕೂ ಹೆಚ್ಚು. ಕೆಲವು ವಾರಗಳ ಕಾಲ ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು. ಸ್ಕೂಟರಿನಲ್ಲಿ ಓಡಾಡುವವರು ಹೆಲ್ಮೆಟ್ಟಿನ ವಿಷಯವನ್ನೂ, ಮೂಗುತಿ ಧರಿಸುವವರು ಅದನ್ನು ಮತ್ತೆ ಯಾವಾಗ ಹಾಕಿಕೊಳ್ಳಬಹುದೆಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಆಸ್ಪಿರಿನ್‌ನಂತಹ ರಕ್ತಸ್ರಾವ ಹೆಚ್ಚಿಸುವ ಔಷಧಿಗಳನ್ನು ವೈದ್ಯರ ಸಲಹೆಯಂತೆ ನಿಲ್ಲಿಸಬೇಕಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಗಾಯ ಮಾಯುವುದು ತಡವಾಗುವುದರಿಂದ ಅದನ್ನು ವಾರಗಳ ಮುಂಚೆಯೇ ಬಿಡಬೇಕು.

ಖರ್ಚಿನ ಅಂದಾಜನ್ನು ಬರಹದಲ್ಲಿಯೇ ಪಡೆಯಿರಿ. ಅರಿವಳಿಕೆ ತಜ್ಞರ ಶುಲ್ಕ ಅದರಲ್ಲಿ ಸೇರಿದೆಯೇ, ಎರಡನೆಯ ಬಾರಿ ತಿದ್ದಬೇಕಾಗಿ ಬಂದರೆ ಯಾರು ಭರಿಸುತ್ತಾರೆ ಎಂಬುದು ಸ್ಪಷ್ಟವಾಗಿರಲಿ. ಕೇವಲ ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಉಸಿರಾಟದ ತೊಂದರೆಗಾಗಿ ನಡುಗೋಡೆ ಸರಿಪಡಿಸುವ ಭಾಗಕ್ಕೆ ಸಿಗುವ ಸಾಧ್ಯತೆಯಿದೆ. ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಎಂಬ ತಜ್ಞ ಪದವಿ ಇದೆಯೇ ಎಂದು ನೋಡಬೇಕು, ಈ ಕೆಲಸದಲ್ಲಿ ತರಬೇತಿ ಪಡೆದ ಕಿವಿ-ಮೂಗು-ಗಂಟಲು ತಜ್ಞರೂ ಇರುತ್ತಾರೆ. ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿ ಕಡ್ಡಾಯ.

ಸರ್ಜನ್ ಅವರಲ್ಲಿ ನನಗೆ ಕಂಡ ಕೊರತೆ ಒಂದೇ: ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿದಾಗ ಅವರು ಬೇಸರಿಸದೆ ಸಾಲುಸಾಲಾಗಿ ವಿವರಿಸಿದರು. ಆದರೂ ಸಹಿ ಹಾಕುವವರು ಸ್ವತಃ ಓದಿಕೊಳ್ಳಬಲ್ಲ ಕನ್ನಡದ ಪ್ರತಿಯನ್ನು ಅವರು ಸಿದ್ಧಪಡಿಸಿಡಬೇಕು.