ಸಲೂನ್ ಕಂಬದ ಲೈಟ್: ಮೋಟಾರು ಚೆನ್ನ, ಹಾಳೆಯ ಜೋಡಣೆ ಸರಿಯಿಲ್ಲ

ನಮ್ಮ ಸಲೂನ್ ಬಾಗಿಲ ಪಕ್ಕ ಹಾಕಲು ಕೆಂಪು, ನೀಲಿ, ಬಿಳಿ ಪಟ್ಟೆಯ ತಿರುಗುವ ಕಂಬದ ಲೈಟ್ ತಂದಿದ್ದೇನೆ. ಮೋಟಾರು ಸದ್ದು ಮಾಡುವುದಿಲ್ಲ. ಬೆಳಕು ರಸ್ತೆಯ ಆಚೆ ಬದಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಇಂಥ ಕಂಬ ತರುವಾಗ ನಾನು ಮೊದಲು ನೋಡುವುದು ಪಟ್ಟೆಯ ಓಟವನ್ನು.

ಒಳಗಿನ ಸಿಲಿಂಡರ್ ಬುಗುರಿ ಹಾಗೆ ನಿಂತಲ್ಲೇ ಸುತ್ತುತ್ತದೆ, ಅಷ್ಟೇ. ಯಾವ ಬಣ್ಣವೂ ಮೇಲಕ್ಕೆ ಹೋಗುವುದಿಲ್ಲ. ಆದರೂ ಪಟ್ಟೆಗಳು ಸರಸರ ಏರಿ ಮುಚ್ಚಳದೊಳಗೆ ಮಾಯವಾದ ಹಾಗೆ ಕಾಣುತ್ತದೆ, ಅಲ್ವಾ? ಓರೆ ಗೆರೆಯ ನಡುಭಾಗ ಮಾತ್ರ ಕಂಡರೆ, ಅದು ಪಕ್ಕಕ್ಕೆ ಸರಿಯಿತೋ ಮೇಲಕ್ಕೆ ಹೋಯಿತೋ ಹೇಳಲು ಆಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಆಗ ಮಿದುಳು ಗೆರೆಯ ತುದಿಗಳನ್ನು ನಂಬುತ್ತದೆ. ಕಂಬ ಉದ್ದ, ಅಗಲ ಕಮ್ಮಿ. ಹಾಗಾಗಿ ಜಾಸ್ತಿ ತುದಿಗಳು ಎಡ ಬಲದ ಅಂಚಿನಗುಂಟ ಮೇಲೇರುತ್ತವೆ. ನಮಗೂ ಇಡೀ ಪಟ್ಟೆಯೇ ಏರಿದಂತೆ ಅನಿಸುತ್ತದೆ. ಗೆರೆ ಅದೇ, ಓಟ ಅದೇ ಇದ್ದರೂ ಅದನ್ನು ನೋಡುವ ಕಿಂಡಿಯ ಆಕಾರ ಬದಲಾದರೆ ಕಾಣುವ ದಿಕ್ಕು ಬದಲಾಗುತ್ತದೆ ಎಂದು ಮನೋವಿಜ್ಞಾನಿ ಹಾನ್ಸ್ ವಾಲಾಖ್ 1935ರಲ್ಲೇ ತೋರಿಸಿದ್ದರು.

ನೋಡಬೇಕೆಂದರೆ ಒಂದು ರಟ್ಟು ಸಾಕು. ಅಡ್ಡಕ್ಕೆ ಸಣ್ಣ ಸೀಳು ಕತ್ತರಿಸಿ ಕಂಬದ ಮುಂದೆ ಹಿಡಿಯಿರಿ. ಪಟ್ಟೆ ಪಕ್ಕಕ್ಕೆ ಓಡುತ್ತದೆ! ದುಂಡನೆಯ ತೂತು ಮಾಡಿದರೆ ಓರೆಯಾಗಿ ಹೋಗುತ್ತದೆ. ಕಟಿಂಗ್‌ಗೆ ಕಾಯುವ ಮಕ್ಕಳು ಇದನ್ನು ಕೈಯಿಂದ ಬಿಡುವುದೇ ಇಲ್ಲ.

ಈಗ ದೂರು. ಪಟ್ಟೆಯ ಹಾಳೆಯ ಎರಡು ಅಂಚು ಸೇರುವಲ್ಲಿ ಬಣ್ಣಗಳು ಒಂದಕ್ಕೊಂದು ಕೂಡಿಲ್ಲ. ನೆಟ್ಟಗೆ ಒಂದು ಗೀಟು ಕಾಣುತ್ತದೆ. ಪ್ರತಿ ಸುತ್ತಿನಲ್ಲೂ ಆ ಗೀಟು ಬಲದಿಂದ ಎಡಕ್ಕೆ ಹಾಯುತ್ತದೆ. ಅದರ ದಿಕ್ಕಿನಲ್ಲಿ ಅನುಮಾನಕ್ಕೆ ಜಾಗವೇ ಇಲ್ಲವಲ್ಲ, ಹಾಗಾಗಿ ಅದು ಎದುರಿಗೆ ಬಂದಾಗಲೆಲ್ಲ ಪಟ್ಟೆಯ ಏರಾಟ ಕೆಡುತ್ತದೆ. ಒಳ ಸಿಲಿಂಡರಿನ ಮೇಲೆ ದೊಡ್ಡ ಕಲೆ ಬಿದ್ದರೂ ಇದೇ ಕತೆ. ಬದಲಿಸಿ ಕೊಡಿ ಎಂದರೆ ಅಂಗಡಿಯವರು "ಲೈಟ್ ಉರಿಯುತ್ತಲ್ಲ" ಅಂದರು. ಸುಮ್ನೆ ಬೆಳಕು ಬೇಕಿದ್ದರೆ ಟ್ಯೂಬ್‌ಲೈಟ್ ಸಾಕಿತ್ತು.

ಕೊಳ್ಳುವವರು ಅಂಗಡಿಯಲ್ಲೇ ಹಾಕಿಸಿ, ಪೂರ್ತಿ ಸುತ್ತು ನೋಡಿ. ಪಟ್ಟೆ ಬಲಕ್ಕೆ ಏರುವ ಓರೆಯಾಗಿದ್ದರೆ ಎದುರಿನ ಭಾಗ ಎಡಕ್ಕೆ ತಿರುಗಬೇಕು. ಬಲಕ್ಕೆ ತಿರುಗಿದರೆ ಪಟ್ಟೆ ಇಳಿದಂತೆ ಕಾಣುತ್ತದೆ. ಕುಳ್ಳಗೆ ದಪ್ಪಗಿರುವ ಕಂಬ ಬೇಡ. 5ಕ್ಕೆ 3 ಕೊಡುತ್ತೇನೆ, ಅದೂ ಮೋಟಾರಿಗಾಗಿ.